ಅರ್ಧ ರಿಂಗಿನ ವರ್ಷ

ಬನಶಂಕರಿ ಎರಡನೇ ಹಂತದಲ್ಲಿ ನಮ್ಮ ಮನೆಯ ಹಿಂದಿನ ರಸ್ತೆಯಲ್ಲಿ ಇನ್ನೂ ಒಂದು ಹಿಟ್ಟಿನ ಗಿರಣಿ ಉಳಿದುಕೊಂಡಿದೆ. ಒಂದು ಪಕ್ಕ ಕೇಕಿನ ಅಂಗಡಿ, ಇನ್ನೊಂದು ಪಕ್ಕ ಮೊಬೈಲ್ ರಿಪೇರಿ, ನಡುವೆ ಇದು. ಪ್ಯಾಕೆಟ್ಟಿನ ರಾಗಿಹಿಟ್ಟು ನನಗೆ ಸೇರುವುದಿಲ್ಲ. ಸೇರುವುದಿಲ್ಲ ಎಂದರೆ ಸೇರುವುದಿಲ್ಲ, ಅದರ ಮೇಲೆ ವಾದ ಬೇಡ. ಹಾಗಾಗಿ ತಿಂಗಳಿಗೊಮ್ಮೆ ಡಬ್ಬ ಹಿಡಿದುಕೊಂಡು ಅಲ್ಲಿಗೆ ಹೋಗುತ್ತೇನೆ. ಮೊನ್ನೆಯೂ ಹೋಗಿದ್ದೆ. “ಆಂಟಿ, ಒಂದ್ ಹತ್ ನಿಮಿಷ ಕೂತ್ಕೊಳಿ, ಗೋಧಿ ಮುಗೀಲಿ,” ಎಂದು ಗಿರಣಿಯವನು ಸ್ಟೂಲು ತೋರಿಸಿದ. ನನ್ನ ಸರದಿ ಬಂದು ಬಿಸಿ ರಾಗಿಹಿಟ್ಟು ಡಬ್ಬಕ್ಕೆ ಬೀಳತೊಡಗಿದಾಗ ಆ ಘಮ ಮೂಗಿಗೆ ಬಡಿಯಿತು ನೋಡಿ, ನಾನು ಇಪ್ಪತ್ತಮೂರು ವರ್ಷದ ಹುಡುಗಿಯಾಗಿಬಿಟ್ಟೆ. ತಲೆಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು, ಕನಕಪುರ ರಸ್ತೆಯ ಒಂದು ಪುಟ್ಟ ಪೇಟೆಯಲ್ಲಿ, ಹಿಟ್ಟಿನ ಧೂಳು ಕೂತ ಟೆಲಿಫೋನ್ ಬೋರ್ಡಿನ ಮುಂದೆ ಕೂತಿದ್ದೆ.

ಆ ಊರಿನ ಹೆಸರು ಹೇಳುವುದಿಲ್ಲ. ಅಲ್ಲಿಯವರ ಮೊಮ್ಮಕ್ಕಳು ಈಗಲೂ ಅಲ್ಲೇ ಇದ್ದಾರೆ, ಅಪಾರ್ಟ್‌ಮೆಂಟುಗಳ ನಡುವೆ ಸಿಕ್ಕಿಕೊಂಡು. ಈಗ ಅದೂ ಬೆಂಗಳೂರೇ. ಆಗ ಮಾತ್ರ ಜಯನಗರದ ನಮ್ಮ ಮನೆಯಿಂದ ಎರಡು ಬಸ್ಸು ಬದಲಾಯಿಸಿ, ಅಂಜನಾಪುರದ ಕಡೆಯ ರಾಗಿ ಹೊಲಗಳನ್ನು ದಾಟಿ ಹೋಗಬೇಕಿತ್ತು. ಟೆಲಿಫೋನ್ ಆಪರೇಟರ್ ಕೆಲಸಕ್ಕೆ ಆರ್ಡರ್ ಬಂದ ದಿನ ನಮ್ಮಮ್ಮ ಅತ್ತೇಬಿಟ್ಟರು. “ಆ ಕಾಡಿಗೆ ಹಾಕಿದಾರಲ್ಲರೀ ಮಗೂನ!” ಅಪ್ಪ ಪೇಪರಿನಿಂದ ತಲೆ ಎತ್ತದೆ, “ಗೌರ್ಮೆಂಟ್ ಕೆಲಸ ಕಣೇ, ಸುಮ್ನಿರು,” ಎಂದರು. ಆಷಾಢದ ಗಾಳಿ ಹುಚ್ಚಾಪಟ್ಟೆ ಬೀಸುತ್ತಿದ್ದ ಒಂದು ಸೋಮವಾರ ನಾನು ಡ್ಯೂಟಿಗೆ ಸೇರಿಕೊಂಡೆ.

ಎಕ್ಸ್‌ಚೇಂಜ್ ಎಂದರೆ ಏನೇನೋ ಕಲ್ಪಿಸಿಕೊಂಡಿದ್ದೆ. ನೋಡಿದರೆ ಹಿಟ್ಟಿನ ಮಿಲ್ಲಿಗೆ ಅಂಟಿಕೊಂಡ ಒಂದೇ ಒಂದು ಕೋಣೆ. ಮಿಲ್ಲಿಗೂ ನಮಗೂ ನಡುವೆ ಒಂದು ತೆಳು ಗೋಡೆ. ಮಿಲ್ಲು ಓಡುವಾಗ ನನ್ನ ಕಾಫಿ ಲೋಟ ಮೇಜಿನ ಮೇಲೆ ತಾನಾಗಿ ನಡೆಯುತ್ತಿತ್ತು. ಬೋರ್ಡಿನಲ್ಲಿ ಐವತ್ತು ತೂತು, ನಲವತ್ತು ಚಿಲ್ಲರೆ ಫೋನು. ಮೊದಲು ಪೋಸ್ಟಾಫೀಸಿಗೆ ಒಂದೇ ಒಂದು ಫೋನು ಬಂದಿತ್ತಂತೆ, ಅದು ಬಾರಿಸಿದರೆ ಪೇಟೆಯೆಲ್ಲ ಓಡಿ ಬರುತ್ತಿತ್ತಂತೆ. ಆಮೇಲೆ ಡಾಕ್ಟರಿಗೆ, ಮಿಲ್ಲಿಗೆ, ರೇಷ್ಮೆ ನೂಲು ತೆಗೆಯುವವರಿಗೆ, ಹೀಗೆ ಒಂದೊಂದಾಗಿ ಬಂದದ್ದು. ಮನೆಯಲ್ಲಿ ಫೋನಿನ ಹಿಡಿಕೆ ತಿರುಗಿಸಿದರೆ ಬೋರ್ಡಿನಲ್ಲಿ ಅವರ ತೂತಿನ ಮೇಲಿನ ಪುಟ್ಟ ತಗಡಿನ ಮುಚ್ಚಳ ಟಪ್ ಎಂದು ಬೀಳುತ್ತಿತ್ತು. ನಾನು ತಂತಿ ಸಿಕ್ಕಿಸಿ “ನಂಬರ್ ಪ್ಲೀಸ್” ಅನ್ನಬೇಕು. ರೂಲ್ಸು ಅದು.

ಆ ಊರಲ್ಲಿ ಒಬ್ಬರಾದರೂ ನಂಬರ್ ಹೇಳಿದ್ದರೆ ಕೇಳಿ.

“ಮೇಡಮ್ಮೋರೆ, ಡಾಕ್ಟ್ರು ಕೊಡಿ.”

“ಡಾಕ್ಟ್ರು ಮನೇಲಿಲ್ಲ, ಈಗಷ್ಟೇ ಪಂಚಾಯ್ತಿ ಆಫೀಸಿಂದ ಮಾತಾಡಿದರು. ಅಲ್ಲಿಗೇ ಕೊಡ್ತೀನಿ, ಇರಿ.”

ಇದು ನಮ್ಮ ಕೆಲಸದ ಕ್ರಮ. ಯಾರು ಎಲ್ಲಿದ್ದಾರೆ, ಯಾರಿಗೆ ಜ್ವರ, ಸಂಜೆ ಬಸ್ಸು ಬಂತೋ ಇಲ್ಲವೋ, ಎಲ್ಲ ನನಗೆ ಗೊತ್ತಿರಬೇಕು. ಒಬ್ಬ ಅಜ್ಜಿ ದಿನಾ ಬೆಳಿಗ್ಗೆ ಹಿಡಿಕೆ ತಿರುಗಿಸಿ, “ಮಳೆ ಬಂದಾತಾ ತಾಯಿ, ಒಣಮೆಣಸಿನಕಾಯಿ ಹರವಲಾ?” ಎಂದು ಕೇಳುತ್ತಿದ್ದರು. ನಾನು ಕಿಟಕಿಯಿಂದ ಆಕಾಶ ನೋಡಿ ಉತ್ತರ ಕೊಡುತ್ತಿದ್ದೆ. ಒಮ್ಮೆ ತಪ್ಪಿ ಹೇಳಿ ಮೆಣಸಿನಕಾಯಿ ನೆನೆದು, ವಾರವಿಡೀ ಬೈಸಿಕೊಂಡೆ. ಇನ್ನೊಂದು ವಿಷಯವನ್ನೂ ಒಪ್ಪಿಕೊಳ್ಳುತ್ತೇನೆ. ಬೋರ್ಡಿನಲ್ಲಿ ಒಂದು ಕೀ ಇರುತ್ತಿತ್ತು, ಒತ್ತಿದರೆ ಇಬ್ಬರ ಮಾತೂ ನಮಗೆ ಕೇಳುತ್ತದೆ. ಲೈನ್ ಸರಿಯಿದೆಯೇ ಎಂದು ನೋಡಲು ಮಾತ್ರ ಅದನ್ನು ಒತ್ತಬೇಕು. ನಾನು ಅದಕ್ಕೆ ಮಾತ್ರ ಒತ್ತುತ್ತಿದ್ದೆ ಎಂದರೆ ನನ್ನ ನಾಲಿಗೆ ಬಿದ್ದುಹೋದೀತು.

ಮಿಲ್ಲು, ನಮ್ಮ ಎಕ್ಸ್‌ಚೇಂಜಿನ ಕೋಣೆ, ಹಿಂದಿನ ಮನೆ, ಮೂರೂ ಮರಿಯಪ್ಪನವರವು. ದಪ್ಪ ಮೀಸೆ, ಗಡಸು ಗಂಟಲು. ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು. ಒಬ್ಬನೇ ಮಗ, ಒಳ್ಳೆಯವನು, ಅಪ್ಪನ ಎದುರು ಮಾತ್ರ ಬಾಯಿಗೆ ಬೀಗ. ಸೊಸೆ ನಾಗರತ್ನ ಅದೇ ಊರಿನ ಇನ್ನೊಂದು ತುದಿಯ ರೇಷ್ಮೆ ತಿಮ್ಮೇಗೌಡರ ಮಗಳು. ಮದುವೆಯಾಗಿ ಬಂದ ಮೊದಲ ಗೌರಿ ಹಬ್ಬದಲ್ಲಿ ಆಗಬಾರದ್ದು ಆಗಿಹೋಗಿತ್ತು. ತವರಿನ ಬಾಗಿನವನ್ನು ತಂದೆಯೋ ಅಣ್ಣನೋ ತಂದು ಕೊಡಬೇಕು. ಅವತ್ತು ರೇಷ್ಮೆಗೂಡಿನ ಮಾರುಕಟ್ಟೆಯ ಗಡಿಬಿಡಿಯಲ್ಲಿದ್ದ ತಿಮ್ಮೇಗೌಡರು ಅದನ್ನು ನೂಲಿನ ಮನೆಯ ಆಳಿನ ಕೈಯಲ್ಲಿ ಕಳಿಸಿದರು. “ನನ್ ಸೊಸೆ ಏನು ದಿಕ್ಕಿಲ್ದೋಳಾ, ಆಳಿನ ಕೈಲಿ ಬಾಗಿನ ಕಳ್ಸಕ್ಕೆ?” ಎಂದು ಮರಿಯಪ್ಪ ಮೊರವನ್ನು ಹಾಗೇ ವಾಪಸು ಕಳಿಸಿದರು. ಬಾಗಿನ ವಾಪಸು ಕಳಿಸುವುದೆಂದರೆ ಹೆಣ್ಣಿನ ತವರನ್ನೇ ಅಳಿಸಿಹಾಕಿದಂತೆ. ತಿಮ್ಮೇಗೌಡರೂ ಸೆಟೆದುಕೊಂಡರು. ಎರಡು ಮನೆಯ ನಡುವೆ ಹೋಗಿಬರುವುದು, ಮಾತುಕತೆ, ಎಲ್ಲ ನಿಂತಿತು. ತಾಯಿಮಗಳು ಒಮ್ಮೆ ದೇವಸ್ಥಾನದ ಹತ್ತಿರ ನಿಂತು ಮಾತಾಡಿದರಂತೆ. ಮಗಳು ಮನೆ ತಲುಪುವ ಮೊದಲೇ ಸುದ್ದಿ ಮಿಲ್ಲಿಗೆ ತಲುಪಿ, ಮರಿಯಪ್ಪ ಎರಡು ದಿನ ಊಟ ಬಿಟ್ಟರಂತೆ. ಆಮೇಲೆ ಆ ಹುಡುಗಿ ದೇವಸ್ಥಾನಕ್ಕೂ ಹೋಗಲಿಲ್ಲ.

ಇದೆಲ್ಲ ನನಗೆ ಲೈನ್‌ಮನ್ ಮುನಿರಾಜು ಹೇಳಿದ್ದು. ಅವನು ಹೇಳಿದ ಕೆಲವೇ ದಿನಕ್ಕೆ ಒಂದು ಮಧ್ಯಾಹ್ನ ತಿಮ್ಮೇಗೌಡರ ಮನೆಯ ಮುಚ್ಚಳ ಬಿತ್ತು.

“ಅವ್ವಾ, ನನ್ ಮಗಳು ಕೊಡ್ತೀಯಾ?”

“ಯಾವ ನಂಬರಮ್ಮಾ?”

“ನಿನ್ ಗೋಡೆ ಆಚೇಲೇ ಅವ್ಳೆ ಕಣವ್ವ.”

ಅದು ನಾಗರತ್ನಳ ತಾಯಿ ಚಿಕ್ಕತಾಯಮ್ಮ. ನಾನು ದಿನಾ ಸಂಜೆ ಮನೆಗೆ ಹೋಗಿ ನಮ್ಮಮ್ಮನ ಕೈಯಲ್ಲಿ ತಲೆ ಬಾಚಿಸಿಕೊಳ್ಳುತ್ತಿದ್ದೆ. ಇಲ್ಲಿ ಒಂದೇ ಊರಿನಲ್ಲಿ, ಕೂಗಿದರೆ ಕೇಳುವಷ್ಟು ದೂರದಲ್ಲಿ, ಈ ಇಬ್ಬರು.

ಮಧ್ಯಾಹ್ನ ಕರೆಂಟು ಹೋಗುತ್ತಿತ್ತು, ಮಿಲ್ಲು ನಿಲ್ಲುತ್ತಿತ್ತು. ಆ ಹೊತ್ತಿಗೆ ಮರಿಯಪ್ಪ ಉಂಡು ಮಿಲ್ಲಿನ ಜಗಲಿಯ ಮಂಚದ ಮೇಲೆ ಮಲಗುತ್ತಿದ್ದರು. ನಾಗರತ್ನ ಮಿಲ್ಲಿನ ಒಳಗೆ ಫೋನಿದ್ದ ಕೋಣೆ ಗುಡಿಸಲು ಬರುತ್ತಿದ್ದಳು. ಪೂರ್ತಿ ಗಂಟೆ ಬಾರಿಸಿದರೆ ಊರೇ ಏಳುತ್ತದೆ. ಬೋರ್ಡಿನ ಹಿಡಿಕೆಯನ್ನು ಅರ್ಧ ಸುತ್ತಿಗೇ ನಿಲ್ಲಿಸಿದರೆ ಆ ಕಡೆ ಟಿಣ್ ಎಂದು ಒಂದೇ ಸಣ್ಣ ಸದ್ದು, ಲೋಟಕ್ಕೆ ಚಮಚ ತಾಗಿದಷ್ಟು. ಅವತ್ತು ಹಾಗೆ ಮಾಡಿದೆ. ಗೋಡೆಯಾಚೆ ಪೊರಕೆಯ ಸದ್ದು ನಿಂತಿತು. “ಮಾತಾಡಿ ಅಮ್ಮಾ, ಬಂದ್ರು,” ಎಂದೆ.

ಅಲ್ಲಿಂದ ಶುರುವಾಯಿತು. ಎರಡೂವರೆಗೆ ಒಂದು ಅರ್ಧ ರಿಂಗು, ಹತ್ತು ನಿಮಿಷದ ಮಾತು. ಗುಟ್ಟೇನಿಲ್ಲ ಅದರಲ್ಲಿ. ಹಸು ಕರು ಹಾಕಿತು, ರೇಷ್ಮೆಹುಳು ಪೊರೆ ಬಿಡುವ ನಾಲ್ಕನೇ ಜ್ವರಕ್ಕೆ ಬಂತು, ಮಸ್ಸೊಪ್ಪಿಗೆ ಹುಣಸೆಹಣ್ಣು ಹಾಕಬೇಕೋ ಬೇಡವೋ. ಹಿನ್ನೆಲೆಯಲ್ಲಿ ಕಿಟಕಿಯಿಂದ ಮರಿಯಪ್ಪನವರ ಗೊರಕೆ. ಒಮ್ಮೊಮ್ಮೆ ಗೊರಕೆ ನಿಂತರೆ ಮೂವರೂ ಉಸಿರು ಬಿಗಿಹಿಡಿಯುತ್ತಿದ್ದೆವು, ಶುರುವಾದರೆ ಮೂವರೂ ನಗುತ್ತಿದ್ದೆವು. ಹೌದು, ಮೂವರೂ. ಚಿಕ್ಕತಾಯಮ್ಮ, “ಮೇಡಮ್ಮಾರೂ ಕೇಳಿಸ್ಕತಾವ್ರೆ ಕಣೇ,” ಎಂದು ನನ್ನನ್ನು ಹಂಗಿಸುತ್ತಿದ್ದರು. ಮೇಲಿನವರಿಗೆ ಗೊತ್ತಾದರೆ ನನ್ನ ಕೆಲಸ ಹೋಗುತ್ತಿತ್ತು. ಹೋದರೆ ಹೋಗಲಿ ಎಂಬ ಧೈರ್ಯ ಎಲ್ಲಿಂದ ಬಂದಿತ್ತೋ ಕಾಣೆ.

ಮಾಘದ ಚಳಿಯಲ್ಲಿ ಒಂದು ದಿನ ನಾಗರತ್ನ, “ಅವ್ವಾ, ನಂಗೆ ಮುಟ್ಟು ನಿಂತು ಎಲ್ಡು ತಿಂಗ್ಳಾತು,” ಎಂದಳು. ಗಂಡನಿಗಿನ್ನೂ ಹೇಳಿರಲಿಲ್ಲ. ಚಿಕ್ಕತಾಯಮ್ಮ ಅತ್ತರು, ನಾನು ಬೋರ್ಡಿನ ಮುಂದೆ ಕೂತು ಸೆರಗಲ್ಲಿ ಮೂಗು ಒರೆಸಿಕೊಂಡೆ. ಆಮೇಲಿನ ಮಾತುಗಳಿಗೆ ಬೇರೆಯದೇ ತೂಕ ಬಂತು. ಆ ಮನೆಯಲ್ಲಿ ಕೇಳುವುದಕ್ಕೆ ಇನ್ನೊಂದು ಹೆಣ್ಣು ಜೀವವಿಲ್ಲ. ಅನ್ನ ಕಂಡರೆ ವಾಕರಿಕೆ ಬಂದರೆ ಏನು ತಿನ್ನಬೇಕು, ಯಾವ ಮಗ್ಗುಲಿಗೆ ಮಲಗಬೇಕು, ಕಾಲು ಊದಿದರೆ ಹೆದರಬೇಕಾ, ಎಲ್ಲಕ್ಕೂ ಆ ಎರಡೂವರೆಯೇ ಗತಿ. ಮೂರು ದಿನ ಮಳೆಗೆ ಕಂಬ ಬಿದ್ದು ಲೈನು ಕೆಟ್ಟಾಗ ನಾನು ಮುನಿರಾಜುವಿಗೆ ಕೊಟ್ಟ ಕಾಟ ಅಷ್ಟಿಷ್ಟಲ್ಲ. “ಪೊಲೀಸ್ ಲೈನ್ ಕೆಟ್ಟಿದ್ರೂ ಇಷ್ಟು ಬೈದಿರಲಿಲ್ವಲ್ಲ ಮೇಡಂ ನೀವು,” ಎಂದ ಅವನು.

ಬೇಸಗೆಯ ಕೊನೆಗೆ ಬೆಂಗಳೂರಿನಿಂದ ಇಂಜಿನಿಯರು ಬಂದು ಸಿಹಿಸುದ್ದಿ ಹೇಳಿದರು. ಪೇಟೆಗೆ ಆಟೋಮ್ಯಾಟಿಕ್ ಎಕ್ಸ್‌ಚೇಂಜ್ ಬರುತ್ತದೆ, ಹೊಸ ಕಟ್ಟಡ, ಶ್ರಾವಣದಲ್ಲಿ ಉದ್ಘಾಟನೆ. ಆಪರೇಟರ್ ಬೇಕಿಲ್ಲ, ಎಲ್ಲರೂ ತಾವೇ ನಂಬರ್ ತಿರುಗಿಸಿಕೊಳ್ಳುತ್ತಾರೆ. ನನಗೆ ಜಯನಗರಕ್ಕೇ ವರ್ಗ. ಕುಣಿದಾಡಬೇಕಿತ್ತು. ನಾನು ಕೇಳಿದ್ದು, “ಸಾರ್, ಇದರಲ್ಲಿ ಅರ್ಧ ರಿಂಗ್ ಕೊಡಕ್ಕಾಗತ್ತಾ?”

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. “ಅರ್ಧ ರಿಂಗ್ ಯಾಕ್ರೀ ಬೇಕು ಯಾರಿಗಾದ್ರೂ?”

“ಸುಮ್ನೆ ಕೇಳ್ದೆ ಸಾರ್,” ಎಂದೆ. ಆಗಷ್ಟೇ ಬಿದ್ದ ಮುಚ್ಚಳಕ್ಕೆ ತಂತಿ ಸಿಕ್ಕಿಸಿದೆ.

ಗಂಟೆಯದು ಒಂದು ಕಷ್ಟವಾದರೆ, ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಚಿಕ್ಕತಾಯಮ್ಮನಿಗೆ ಅಕ್ಷರ ಬಾರದು, ಅಂಕಿಯೂ ಬಾರದು. ಇಷ್ಟು ದಿನ “ಮಗಳು ಕೊಡವ್ವ” ಎಂದರೆ ಸಾಕಿತ್ತು. ಇನ್ನು ಹಾಗೆ ಹೇಳಿದರೆ ಕೇಳಿಸಿಕೊಳ್ಳುವವರು ಯಾರು? ಗಂಡನಿಗೆ ನಂಬರ್ ತಿರುಗಿಸಿಕೊಡಿ ಎನ್ನುವ ಹಾಗೂ ಇಲ್ಲ. ಮಗಳಿಗೆ ಆಗ ಏಳು ತಿಂಗಳು. ಆ ತಾಯಿ ದಿನಾ ಅದನ್ನೇ ಕೇಳುತ್ತಿದ್ದರು. “ಹೆಂಗವ್ವ ಮಾಡ್ಲಿ ನಾನು?”

ಹೊಸ ಫೋನುಗಳು ಮೊದಲೇ ಬಂದವು, ಮುಖದ ಮೇಲೆ ದುಂಡನೆಯ ತೂತುಗಳ ಚಕ್ರವಿದ್ದಂಥವು. ಮನೆಮನೆಗೆ ಹೋಗಿ ತಿರುಗಿಸುವುದನ್ನು ಕಲಿಸುವುದು ನನ್ನ ಕೆಲಸ. ತಿಮ್ಮೇಗೌಡರು ಗೂಡಿನ ಮಾರುಕಟ್ಟೆಗೆ ಹೋಗಿದ್ದ ದಿನ ನೋಡಿಕೊಂಡು ಅವರ ಮನೆಗೆ ಹೋದೆ. ಮಿಲ್ಲಿನ ಹೊಸ ನಂಬರ್ ಎರಡು, ಒಂದು, ನಾಲ್ಕು. ಅಂಕಿ ಬೇಡ, ತೂತು ಎಣಿಸಿ ಎಂದೆ. “ಎರಡನೇ ತೂತು, ಒಂದನೇ ತೂತು, ನಾಲ್ಕನೇ ತೂತು. ಬೆರಳಿಟ್ಟು ಈ ಮೊಳೆ ತಾಗುವವರೆಗೂ ತಿರುಗಿಸಿ ಬಿಟ್ಟುಬಿಡಿ.”

“ಹುಳದ ತಟ್ಟೆ ಎಣಿಸ್ದಂಗೆ ಅನ್ನು,” ಎಂದರು ಚಿಕ್ಕತಾಯಮ್ಮ.

“ಹಂಗೇ ಅಮ್ಮಾ.”

ಆದರೆ ಚಕ್ರ ವಾಪಸು ಬರುವಾಗ ಅವರಿಗೆ ಹೆದರಿಕೆ. ಕೈ ಹಿಡಿದೇ ಇರುತ್ತಿದ್ದರು, ಅದು ನಂಬರನ್ನು ಕೆಡಿಸಿಬಿಡುತ್ತಿತ್ತು. “ಬಿಡಿ ಅಮ್ಮಾ, ತಾನಾಗೇ ಹೋಗತ್ತೆ!” ಎಂದು ಎಷ್ಟು ಸಲ ಕಿರುಚಿದೆನೋ. ನನಗೆ ತಾಳ್ಮೆ ಕಡಿಮೆ. ಹತ್ತರಲ್ಲಿ ಒಂದು ಸಲ ಸರಿಯಾಗುತ್ತಿತ್ತು. ಸರಿಯಾದರೂ ಏನು? ಆ ಕಡೆ ಪೂರ್ತಿ ಗಂಟೆ ಬಾರಿಸುತ್ತದೆ, ಮರಿಯಪ್ಪ ಎದ್ದು ಬಂದು ಎತ್ತುತ್ತಾರೆ. ಒಂದು ಸಲ ಬಾರಿಸಿದ ಕೂಡಲೇ ಇಟ್ಟುಬಿಡಿ, ಮಗಳು ಅರ್ಥ ಮಾಡಿಕೊಂಡು ತಾನೇ ಮಾಡುತ್ತಾಳೆ ಎಂದು ಉಪಾಯ ಹೇಳಿಕೊಟ್ಟೆ. ಅವರು ತಲೆಯಾಡಿಸಿದರು. ಮುಖದಲ್ಲಿ ನಂಬಿಕೆ ಇರಲಿಲ್ಲ, ನನಗೂ ಇರಲಿಲ್ಲ.

ಉದ್ಘಾಟನೆಯ ಹಿಂದಿನ ಮಧ್ಯಾಹ್ನ ಕೊನೆಯ ಅರ್ಧ ರಿಂಗು ಕೊಟ್ಟೆ. ಹತ್ತು ನಿಮಿಷವಲ್ಲ, ಎಷ್ಟು ಹೊತ್ತಾದರೂ ಮಾತಾಡಿಕೊಳ್ಳಲಿ ಎಂದು ಬಿಟ್ಟೆ. ಅವರು ಆಡಿದ್ದು ಎರಡೇ ಮಾತು. ನಾಗರತ್ನ, “ಅವ್ವಾ, ನಂಗೆ ಭಯ ಆಯ್ತದೆ,” ಎಂದಳು. “ನಾನಿವ್ನಿ ಕಣ್ ಮಗಾ,” ಎಂದರು ಅವರು. ಆಮೇಲೆ ಇಬ್ಬರೂ ಅಳುತ್ತಿದ್ದರು. ನಾನು ಕೀ ಬಿಟ್ಟುಬಿಟ್ಟೆ. ಆ ದಿನ ಕೇಳುವ ಶಕ್ತಿ ನನಗಿರಲಿಲ್ಲ.

ಮರುದಿನ ಹೊಸ ಕಟ್ಟಡದಲ್ಲಿ ಮಾವಿನ ತೋರಣ, ಪೂಜೆ, ಕೇಸರಿಬಾತು. ಊರಿನವರೆಲ್ಲ ಸೇರಿದ್ದರು. ಬಾಗಿಲ ಹತ್ತಿರ ತಿಮ್ಮೇಗೌಡರೂ ಕೈಕಟ್ಟಿ ನಿಂತಿದ್ದರು. ಮೊದಲ ಕರೆ ಊರಿನ ಹಿರಿಯರಿಂದ ಎಂದು ಇಂಜಿನಿಯರು ಮರಿಯಪ್ಪನವರನ್ನು ಮುಂದಕ್ಕೆ ಕರೆದರು. ಅವರು ಮಿಲ್ಲಿಗೆ ಮಾಡುತ್ತಾರೆ ಎಂದು ಮೊದಲೇ ಮಾತಾಗಿತ್ತು. ಮಗ ಅಲ್ಲಿ ಫೋನಿನ ಹತ್ತಿರ ಕಾದಿದ್ದ. ಮರಿಯಪ್ಪ ಪೇಟ ಸರಿಮಾಡಿಕೊಂಡು ರಿಸೀವರ್ ಎತ್ತಿ ಕಿವಿಗಿಟ್ಟರು. ಚಕ್ರದ ಕಡೆ ನೋಡಲೂ ಇಲ್ಲ. ಇಷ್ಟು ವರ್ಷದ ಅಭ್ಯಾಸ, ಗಂಟಲು ಎತ್ತಿ ಕೂಗಿದರು:

“ಮೇಡಮ್ಮೋರೇ, ತಿಮ್ಮೇಗೌಡ್ರ ಮನೆಗೆ ಕೊಡವ್ವ!”

ಜನ ನಗಲು ಶುರುಮಾಡಿ ಅರ್ಧದಲ್ಲೇ ನಿಲ್ಲಿಸಿದರು. ತಿಮ್ಮೇಗೌಡರು ಕಟ್ಟಿದ್ದ ಕೈ ಬಿಟ್ಟರು.

“ಸಾರ್, ಈಗ ನಾವೇ ನಂಬರ್ ತಿರುಗಿಸಬೇಕು,” ಎಂದು ಇಂಜಿನಿಯರು ಮೆಲ್ಲಗೆ ಹೇಳಿದರು.

“ಇದೇನೋ ಗುಂಯ್ ಅಂತದೆ, ಮಾತೇ ಆಡಕಿಲ್ಲ,” ಎಂದು ಮರಿಯಪ್ಪ ರಿಸೀವರನ್ನೇ ಗದರಿಸಿದರು. ಆಮೇಲೆ ನನ್ನ ಕಡೆ ತಿರುಗಿ, “ನಂಬ್ರು ನಂಗೊತ್ತಿಲ್ಲ. ಈ ಯಮ್ಮಂಗೆ ಗೊತ್ತದೆ, ತಿರುಗಿಸ್ಕೊಡ್ಲಿ,” ಎಂದರು.

ನಾನು ತಿರುಗಿಸಿದೆ. ಆ ಕಡೆ ಎತ್ತಿದ್ದು ಚಿಕ್ಕತಾಯಮ್ಮ. ಮರಿಯಪ್ಪ ಒಂದು ಸಲ ಕೆಮ್ಮಿದರು. ಇಡೀ ಊರಿನ ಎದುರು, ಯಾರ ಮುಖವನ್ನೂ ನೋಡದೆ, ಗೋಡೆಯ ಕಡೆ ತಿರುಗಿ ಹೇಳಿದರು:

“ನಾನು ಕಣ್ ತಾಯಿ, ಮರಿಯಪ್ಪ. ನಂಗೆ ಮಧ್ಯಾಹ್ನದೊತ್ತು ನಿದ್ದೆ ಬರಾಕಿಲ್ಲ. ವರ್ಸದಿಂದ ಬಂದಿಲ್ಲ. ಫೋನು ಜೋರಾಗೇ ಬಾರಿಸ್ಕಳ್ಲಿ. ಮಗಳು ಬಂದು ಎತ್ತಗಂಟ ಬಿಡಬ್ಯಾಡಿ.”

ಅಷ್ಟೇ. ರಿಸೀವರ್ ಇಟ್ಟು ಕೇಸರಿಬಾತಿನ ಕಡೆ ಹೊರಟರು. ನನಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನಿಸಿತು. ಹಾಗಾದರೆ ಆ ಗೊರಕೆ! ಧೈರ್ಯ ಮಾಡಿ ಹಿಂದೆ ಹೋಗಿ, “ಮರಿಯಪ್ಪನವರೇ, ನಿಮಗೆ ಹೇಗೆ...” ಎಂದೆ. “ನಿನ್ ಗಂಟ್ಲು ಸಣ್ಣದಾ? ‘ಮಾತಾಡಿ ಅಮ್ಮಾ, ಬಂದ್ರು’ ಅಂತ ದಿನಾ ಕೂಗ್ತಿದ್ಯಲ್ಲ,” ಎಂದರು. ಕೇಸರಿಬಾತಿನ ಎಲೆ ಕೈಗೆ ತೆಗೆದುಕೊಂಡು, “ನಮ್ಮನೇಲಿ ಹೆಣ್ ಮಗಳು ನಕ್ಕಿದ್ ಕೇಳಿ ಬೋ ದಿನ ಆಗಿತ್ತವ್ವ. ನಾನೆದ್ರೆ ನಿಂತೋಯ್ತದೆ ಅಂತ ಮಲ್ಗಿರ್ತಿದ್ದೆ. ನೆನ್ನೆ ಅತ್ತಿದ್ ಮಾತ್ರ ತಡಿಯಕಾಗ್ನಿಲ್ಲ,” ಎಂದರು. ಆ ಮನುಷ್ಯನನ್ನು ಒಂದು ವರ್ಷ ಮನಸ್ಸಿನಲ್ಲೇ ಶಪಿಸಿದ್ದೆನಲ್ಲ, ನನಗೆ ಅಳುವೇ ಬಂತು.

ತಿಮ್ಮೇಗೌಡರೂ ಅವರೂ ಅವತ್ತೇ ತಬ್ಬಿಕೊಂಡರು ಎಂದು ತಿಳಿಯಬೇಡಿ. ಅವರಿಬ್ಬರು ಬಾಯಿಬಿಟ್ಟು ಮಾತಾಡಲು ಮೊಮ್ಮಗಳು ಹುಟ್ಟಬೇಕಾಯಿತು. ಬಾಣಂತನ ತವರಿನಲ್ಲೇ ಆಯಿತು, ಅದನ್ನು ಮುನಿರಾಜು ಆಮೇಲೆ ಜಯನಗರಕ್ಕೆ ಬಂದಾಗ ಹೇಳಿದ. ನನಗೆ ಆ ಊರಿನ ಕೊನೆಯ ನೆನಪು ಉದ್ಘಾಟನೆಯ ದಿನದ ಮಧ್ಯಾಹ್ನದ್ದೇ.

ಹಳೆಯ ಕೋಣೆಗೆ ಬೀಗ ಹಾಕಿ ಕೀಲಿಕೈ ಕೊಟ್ಟು ಹೋಗಬೇಕಿತ್ತು. ಬೋರ್ಡನ್ನು ಆಗಲೇ ಬಿಚ್ಚಿ ಸಾಗಿಸಿದ್ದರು. ಕರೆಂಟಿರಲಿಲ್ಲ, ಮಿಲ್ಲು ನಿಂತಿತ್ತು. ಎರಡೂವರೆ ಆಯಿತು. ಎರಡೂ ಮುಕ್ಕಾಲಾಯಿತು. ಗೋಡೆಯಾಚೆ ಏನೂ ಇಲ್ಲ. ಎಲ್ಲ ಸರಿಹೋದ ಮೇಲೂ ಆ ತಾಯಿ ಮೂರು ತೂತಿನಲ್ಲಿ ಸೋತರೇ? ಓಡಿಹೋಗಿ ನಾನೇ ತಿರುಗಿಸಿಕೊಟ್ಟು ಬರಲೇ ಎಂದು ಚಪ್ಪಲಿ ಮೆಟ್ಟಿಕೊಂಡೆ. ಅವರು ಅಷ್ಟರಲ್ಲಿ ಎರಡು ಸಲ ಡಾಕ್ಟರ ಮನೆಗೆ ಫೋನ್ ಮಾಡಿ ಬೈಸಿಕೊಂಡಿದ್ದರಂತೆ, ನನಗೇನು ಗೊತ್ತು?

ಆಗ ಬಾರಿಸಿತು. ಗೋಡೆ ಅದುರುವ ಹಾಗೆ, ಪೂರ್ತಿ. ಒಂದು ಸಲ, ಎರಡು ಸಲ, ಮೂರು ಸಲ. ಜಗಲಿಯಿಂದ ಮರಿಯಪ್ಪನವರ ಗಂಟಲು, “ನಾಗೂ, ಫೋನು! ಯಾರ್ದೋ ನೋಡವ್ವ!” ಒಳಗಿಂದ ಭಾರದ ಹೆಜ್ಜೆಗಳು ಬಂದವು. ಗಂಟೆ ನಿಂತಿತು. “ಅವ್ವಾ, ನೀನೇ ತಿರುಗಿಸ್ದಾ?” ಎಂದಳು ನಾಗರತ್ನ.

ನನ್ನ ಕೈ ತಾನಾಗಿ ಮುಂದೆ ಹೋಯಿತು, ಕೀ ಇದ್ದ ಜಾಗಕ್ಕೆ. ಅಲ್ಲಿ ಏನೂ ಇರಲಿಲ್ಲ. ಗೋಡೆ ತೆಳ್ಳಗಿತ್ತು, ನಿಂತಿದ್ದರೆ ಅರ್ಧ ಮಾತಾದರೂ ಕೇಳುತ್ತಿತ್ತು. ನಾನು ಬಾಗಿಲು ಎಳೆದು ಬೀಗ ಹಾಕಿ ಬಸ್ ಸ್ಟಾಪಿನ ಕಡೆ ನಡೆದೆ. ಅವತ್ತು ಅವರಿಬ್ಬರು ಏನು ಮಾತಾಡಿಕೊಂಡರೋ ನನಗೆ ಇವತ್ತಿಗೂ ಗೊತ್ತಿಲ್ಲ.